ಹೆಸರು ಬರೆಯದ ಮೇಜು

ಮನೆಗೆ ಮಾಡ್ಯುಲರ್ ಕಿಚನ್ ಮಾಡಿಸಿದವರಿಗೆ ‘ಶೇಕರ್’ ಅನ್ನೋ ಪದ ಹೊಸದಲ್ಲ. ಸುತ್ತ ಒಂದು ಚೌಕಟ್ಟು, ನಡುವೆ ಸ್ವಲ್ಪ ಒಳಗೆ ಕೂತ ಸಪಾಟು ಹಲಗೆ. ಇಷ್ಟೇ ಇರುವ ಶಟರ್‌ಗೆ ಇಂಟೀರಿಯರ್‌ನವರು ಆ ಹೆಸರು ಹೇಳ್ತಾರೆ. ಹವ್ಯಾಸಕ್ಕೆ ಮರಗೆಲಸ ಕಲಿಯಲು ಹೊರಟವರಿಗೂ ಬಹುಬೇಗ ಎದುರಾಗೋದು ಇದೇ ಹೆಸರಿನ ಮೇಜು. ನಾಲ್ಕು ಸಪೂರ ಕಾಲು, ಒಂದು ಡ್ರಾಯರ್, ಎಲ್ಲೂ ಒಂದು ಹೂವು ಬಳ್ಳಿ ಇಲ್ಲ. ಶೇಕರ್ ಅಂದ್ರೆ ಯಾವುದೋ ಕಂಪನಿ ಇರಬೇಕು ಅಂದುಕೊಂಡವರೇ ಹೆಚ್ಚು. ಅಲ್ಲ. ಅದು ಮದುವೆ, ಮಕ್ಕಳು, ಸ್ವಂತ ಆಸ್ತಿ ಮೂರನ್ನೂ ಬಿಟ್ಟು ಬದುಕಿದ ಒಂದು ಕ್ರೈಸ್ತ ಪಂಥ.

ಇದರ ಮೂಲದಲ್ಲಿರುವವಳು ಆನ್ ಲೀ. 1736ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕಮ್ಮಾರನ ಮಗಳಾಗಿ ಹುಟ್ಟಿ, ಚಿಕ್ಕಂದಿನಿಂದಲೇ ಬಟ್ಟೆ ಗಿರಣಿ ಕೆಲಸಕ್ಕೆ ಹೋದವಳು. ಹೆತ್ತ ನಾಲ್ಕು ಮಕ್ಕಳೂ ಎಳವೆಯಲ್ಲೇ ತೀರಿಕೊಂಡವು. ದೇಹಸಂಬಂಧವೇ ಪಾಪದ ಬೇರು ಅನ್ನೋ ನಿಲುವಿಗೆ ಆಕೆ ಬಂದಳು. ಪ್ರಾರ್ಥನೆ ಮಾಡುವಾಗ ಮೈನಡುಗಿ ಕುಣಿಯುತ್ತಿದ್ದ ಇವರನ್ನು ಜನ ‘ನಡುಗುವವರು’ ಅಂತ ಆಡಿಕೊಂಡರು. ಆ ಹೆಸರೇ ಉಳೀತು. 1774ರಲ್ಲಿ ಎಂಟು ಜನ ಅನುಯಾಯಿಗಳೊಂದಿಗೆ ನ್ಯೂಯಾರ್ಕಿಗೆ ಹಡಗು ಹತ್ತಿದ ಆಕೆ, ಹತ್ತೇ ವರ್ಷದಲ್ಲಿ ತೀರಿಕೊಂಡಳು. ಆಮೇಲೆ ಜೋಸೆಫ್ ಮೀಚಮ್ ಮತ್ತು ಲೂಸಿ ರೈಟ್ ಸೇರಿ ಪಂಥವನ್ನು ಊರುಗಳಾಗಿ ಕಟ್ಟಿದರು. ನ್ಯೂ ಲೆಬನಾನ್ ಕೇಂದ್ರವಾಯ್ತು. ಹತ್ತೊಂಬತ್ತನೇ ಶತಮಾನದ ನಡುಭಾಗದ ಹೊತ್ತಿಗೆ ಇವರು ಕೆಲವು ಸಾವಿರ ಮಂದಿ ಇದ್ದರು.

ಮೇಜಿನ ಆಕಾರ ಹುಟ್ಟಿದ್ದು ಈ ಬದುಕಿನಿಂದಲೇ. ರಕ್ತಸಂಬಂಧವಿಲ್ಲದ ಹತ್ತಾರು ಜನ ಒಂದೇ ಮನೆಯಲ್ಲಿ ಇರ್ತಿದ್ರು, ಅದಕ್ಕೆ ‘ಕುಟುಂಬ’ ಅಂತಲೇ ಹೆಸರು. ಊಟ ಒಟ್ಟಿಗೆ, ಆದರೆ ಗಂಡಸರದ್ದು ಒಂದು ಮೇಜು, ಹೆಂಗಸರದ್ದು ಇನ್ನೊಂದು. ಮಾತಿಲ್ಲ. ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಜೊತೆ ಪಾತ್ರೆ ಇಡ್ತಿದ್ರು. ‘ಸ್ವಲ್ಪ ಈ ಕಡೆ ತಳ್ಳಿ’ ಅಂತ ಕೇಳುವ ಪ್ರಮೇಯವೇ ಬರಬಾರದು. ಇಷ್ಟು ಜನ ಕೂರಬೇಕಂದ್ರೆ ಮೇಜು ಉದ್ದವಾಗಿರಬೇಕು, ಕಾಲು ಅಡ್ಡ ಬರಬಾರದು. ಹಳೆಯ ಉದ್ದ ಮೇಜುಗಳಲ್ಲಿ ಎರಡು ತುದಿಯ ಕಾಲುಗಳನ್ನು ಹಿಡಿದಿಡುವ ಅಡ್ಡಪಟ್ಟಿ ನೆಲದ ಹತ್ತಿರ ಇರ್ತಿತ್ತು, ಕೂತವರ ಪಾದಕ್ಕೆ ಬಡಿಯುತ್ತಿತ್ತು. ಶೇಕರ್ ಬಡಗಿಗಳು ಅದನ್ನು ಮೇಲೆತ್ತಿ ಹಲಗೆಯ ತಳಕ್ಕೇ ಒತ್ತಿ ಕೂರಿಸಿದರು. ಕಾಲಿಗೆ ಜಾಗ ಸಿಕ್ತು, ಕೆಳಗೆ ಕಸ ಗುಡಿಸೋದೂ ಸುಲಭ ಆಯ್ತು. ಇವತ್ತು ನಾವು ‘ಎಷ್ಟು ಹಗುರವಾಗಿ ಕಾಣುತ್ತೆ’ ಅಂತ ಮೆಚ್ಚೋದು ಈ ಒಂದು ಬದಲಾವಣೆಯನ್ನೇ.

ಸಣ್ಣ ಮೇಜಿನಲ್ಲೂ ಹೀಗೇ. ಅದರ ಕಾಲು ಮೇಲಿನಿಂದ ಕೆಳಕ್ಕೆ ಸಪೂರವಾಗ್ತಾ ಹೋಗುತ್ತೆ, ಆದರೆ ಸಾಮಾನ್ಯವಾಗಿ ಒಳಗಿನ ಎರಡು ಮುಖ ಮಾತ್ರ. ಹೊರಗಿನ ಎರಡು ಮುಖ ನೆಟ್ಟಗೇ ಇರುತ್ತವೆ. ನಾಲ್ಕೂ ಕಡೆ ಕೀಸಿದರೆ ಮೇಜು ಒಳಕ್ಕೆ ಕುಸಿದ ಹಾಗೆ ಕಾಣುತ್ತೆ. ಮನೆಯಲ್ಲೇ ಮಾಡುವವರಿಗೆ ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧ ಜೋಡಣೆ: ಒಂದು ತುಂಡಿನ ತುದಿಯನ್ನು ನಾಲಿಗೆಯಂತೆ ಕೊರೆದು, ಇನ್ನೊಂದರ ಚೌಕ ಕುಳಿಯೊಳಗೆ ಬಿಗಿಯಾಗಿ ಕೂರಿಸೋದು. ಅಲಂಕಾರ ಇಲ್ಲದ್ದರಿಂದ ತಪ್ಪು ಮುಚ್ಚಿಡಲು ಜಾಗವೇ ಇಲ್ಲ. ಸರಳವಾಗಿದೆ, ಹಾಗಾಗಿ ಸುಲಭ ಅಂತ ಹೇಳುವವರು ಬಹುಶಃ ಒಂದನ್ನೂ ಮಾಡಿ ನೋಡಿಲ್ಲ.

ಅಲಂಕಾರ ಬಿಟ್ಟಿದ್ದು ಅಭಿರುಚಿಗಾಗಿ ಅಲ್ಲ, ನಿಯಮಕ್ಕಾಗಿ. ಬರೀ ಅಂದಕ್ಕೆ ಅಂತ ಪಟ್ಟಿ, ಅಂಚು ಕೆತ್ತಬಾರದು ಅಂತ 1845ರ ಅವರ ಕಟ್ಟಳೆಗಳಲ್ಲಿದೆ. ಅದರಲ್ಲೇ ಇನ್ನೊಂದು ಮಾತಿದೆ, ನನ್ನನ್ನು ಹೆಚ್ಚು ಕಾಡೋದು ಅದು: ತಾನು ಮಾಡಿದ ವಸ್ತುವಿನ ಮೇಲೆ ಯಾರೂ ತಮ್ಮ ಹೆಸರು ಬರೆಯಬಾರದು. ಮುಂದೆ ಯಾರೋ ನೋಡಿ ಇದು ಇಂಥವನ ಕೈಕೆಲಸ ಅಂತ ಹೇಳುವಂತಾಗಬಾರದು. ಲಿಂಕ್ಡ್‌ಇನ್ ಕಾಲದ ನಮಗೆ ಇದು ಶಿಕ್ಷೆ ಅನ್ನಿಸಬಹುದು! ಅವರಿಗೂ ಸ್ವಲ್ಪ ಅನ್ನಿಸಿರಬೇಕು. ಯಾಕಂದ್ರೆ ಹೆಸರು, ತಾರೀಖು ಬರೆದ ಶೇಕರ್ ಸಾಮಾನುಗಳು ಸಾಕಷ್ಟು ಸಿಕ್ಕಿವೆ, ಡ್ರಾಯರ್‌ನ ತಳದಂಥ ಸುಲಭಕ್ಕೆ ಕಣ್ಣಿಗೆ ಬೀಳದ ಜಾಗಗಳಲ್ಲಿ.

ಇವರ ಬಗ್ಗೆ ಎರಡು ಕಲ್ಪನೆ ಬಿಡಬೇಕು. ಒಂದು, ಯಂತ್ರ ಮುಟ್ಟದೆ ಕೈಯಿಂದಲೇ ಮಾಡ್ತಿದ್ರು ಅನ್ನೋದು. ನೀರಿನ ಬಲದಿಂದ ತಿರುಗುವ ಗರಗಸ, ಲೇತ್ ಎಲ್ಲವನ್ನೂ ಬಳಸಿದ ಜನ ಅವರು. 1870ರ ದಶಕದಲ್ಲಿ ರಾಬರ್ಟ್ ವೇಗನ್ ನೇತೃತ್ವದಲ್ಲಿ ಕುರ್ಚಿಗಳನ್ನು ಕಾರ್ಖಾನೆಯಲ್ಲಿ ಮಾಡಿ, ಕ್ಯಾಟಲಾಗ್ ಅಚ್ಚು ಹಾಕಿಸಿ, ಟ್ರೇಡ್‌ಮಾರ್ಕ್ ಅಂಟಿಸಿ ಮಾರಿದರು. ವ್ಯಕ್ತಿಯ ಹೆಸರು ಬೇಡ, ಬ್ರ್ಯಾಂಡಿನ ಹೆಸರು ಆಗಬಹುದು! ಎರಡನೆಯದು ಬಣ್ಣ. ಮರದ ನರ ಎದ್ದು ಕಾಣುವ ಬೆತ್ತಲೆ ಮೈ ಶೇಕರ್ ಶೈಲಿ ಅಂತ ನಾವು ನಂಬಿದ್ದೇವೆ. ಅವರ ಎಷ್ಟೋ ಸಾಮಾನು ಕೆಂಪು, ಹಳದಿ, ನೀಲಿ ಬಣ್ಣ ಬಳಿದವು. ಕೆರೆದು ತೆಗೆದದ್ದು ಆಮೇಲೆ ಬಂದವರು.

ಆಮೇಲೆ ಬಂದವರು ಯಾರು? ಅಂತರ್ಯುದ್ಧದ ನಂತರ ಶೇಕರ್ ಊರುಗಳು ಕರಗತೊಡಗಿದವು. ಮಕ್ಕಳನ್ನು ಹೆರದ ಪಂಥ ಹೊಸಬರನ್ನೂ, ಸಾಕಿಕೊಂಡ ಅನಾಥ ಮಕ್ಕಳನ್ನೂ ನಂಬಿಯೇ ಬೆಳೆಯಬೇಕು. ನಗರದಲ್ಲಿ ಸಂಬಳದ ಕೆಲಸ ಸಿಗುವಾಗ ಗಂಡಸರು ಬರೋದು ನಿಂತುಹೋಯ್ತು, ಇದ್ದವರೂ ಹೊರಟರು. ಉಳಿದ ವಯಸ್ಸಾದ ಸಿಸ್ಟರ್‌ಗಳು ಒಂದೊಂದೇ ಮನೆ ಮುಚ್ಚಿ ಸಾಮಾನು ಮಾರಿದರು. 1923ರಲ್ಲಿ ಎಡ್ವರ್ಡ್ ಮತ್ತು ಫೇತ್ ಆಂಡ್ರ್ಯೂಸ್ ಎಂಬ ದಂಪತಿ ಹ್ಯಾಂಕಾಕ್ ಎಂಬ ಶೇಕರ್ ಊರಿಗೆ ಬ್ರೆಡ್ ಕೊಳ್ಳಲು ಹೋದವರು ಅಲ್ಲಿನ ಮೇಜು ಕುರ್ಚಿ ನೋಡಿ ಬೆರಗಾದರು. ಸಂಗ್ರಹಿಸಿದರು, ಬರೆದರು. 1935ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನವಾಯ್ತು. ಪ್ರಾರ್ಥನೆಯ ಭಾಗವಾಗಿದ್ದದ್ದು ಅಲ್ಲಿಂದ ‘ಡಿಸೈನ್’ ಆಯ್ತು. ಡೆನ್ಮಾರ್ಕಿನ ಬೋರ್ಗೆ ಮೊಗೆನ್ಸನ್ 1947ರಲ್ಲಿ ಮಾಡಿದ ಜೆ39 ಕುರ್ಚಿಗೂ ಇದೇ ಪ್ರೇರಣೆ. 1990ರಲ್ಲಿ ಓಪ್ರಾ ವಿನ್‌ಫ್ರೇ ಒಂದು ಶೇಕರ್ ಕೆಲಸದ ಕೌಂಟರ್‌ಗೆ 2,20,000 ಡಾಲರ್ ಕೊಟ್ಟರು. ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳದವರ ಸಾಮಾನು ಅದು.

ಅದೇ ವರ್ಷ ತೀರಿಕೊಂಡವರು ಮೇನ್ ರಾಜ್ಯದ ಸಬ್ಬತ್‌ಡೇ ಲೇಕ್ ಎಂಬ ಶೇಕರ್ ಊರಿನ ಸಿಸ್ಟರ್ ಮಿಲ್ಡ್ರೆಡ್ ಬಾರ್ಕರ್. ಜನ ತನ್ನನ್ನು ಒಂದು ಕುರ್ಚಿ ಅಥವಾ ಮೇಜು ಅಂತಲೇ ನೆನಪಿಟ್ಟುಕೊಳ್ತಾರೇನೋ ಅಂತ ಆಕೆ ಹೇಳಿದ್ದರು. ಹಾಸ್ಯ ಅನ್ನಿಸುತ್ತೆ, ಪೂರ್ತಿ ಹಾಸ್ಯ ಅಲ್ಲ. ಜೀವಮಾನವಿಡೀ ಒಂದು ನಂಬಿಕೆಗೆ ತೆತ್ತುಕೊಂಡವರು, ಪ್ರವಾಸಿಗರು ಬಂದು ಡ್ರಾಯರ್‌ನ ಗುಬುಟು ಎಷ್ಟು ಚೆನ್ನಾಗಿದೆ ಅಂತ ಹೇಳಿ ಹೋಗೋದನ್ನು ಕಂಡವರು.

ಇವತ್ತು ಗ್ಯಾರೇಜಿನಲ್ಲಿ ಒಬ್ಬರೇ ನಿಂತು ಆ ಕಾಲನ್ನು ಕೀಸುವವರದ್ದು ಕಳ್ಳತನ ಅಂತ ನಾನು ಹೇಳಲ್ಲ. ಅವರ ನಂಬಿಕೆ ನಮಗೆ ಬೇಡದಿದ್ದರೂ, ನೋಡುವವರಿಲ್ಲದ ಜಾಗದಲ್ಲೂ ಜೋಡಣೆ ಸರಿಯಾಗಿರಬೇಕು ಅನ್ನೋ ಹಟ ಮರದ ಮೂಲಕ ದಾಟಿ ಬರುತ್ತೆ. ಉದ್ದ ಮೇಜು ಮಾತ್ರ ದಾಟಿ ಬಂದಿಲ್ಲ. ಹವ್ಯಾಸಿಗಳು ಹೆಚ್ಚಾಗಿ ಮಾಡೋದು ಹಾಸಿಗೆ ಪಕ್ಕ ಇಡುವ, ಒಬ್ಬರಿಗೆ ಸಾಕಾಗುವ ಪುಟ್ಟ ಮೇಜು. ಸಬ್ಬತ್‌ಡೇ ಲೇಕ್ ಇನ್ನೂ ಇದೆ. ಅಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಶೇಕರ್‌ಗಳು ಕುರಿ ಸಾಕ್ತಾ, ಗಿಡಮೂಲಿಕೆ ಮಾರ್ತಾ ಇದ್ದಾರೆ. ಭಾನುವಾರದ ಪ್ರಾರ್ಥನೆಗೆ ಹೊರಗಿನವರೂ ಹೋಗಬಹುದು.