ಮೊದಲ ಹನಿ ರಕ್ತಕ್ಕೆ ನಿಲ್ಲುವ ಕಾಳಗ

ಚನ್ನಪಟ್ಟಣ ಅಂದ ಕೂಡಲೇ ಏನು ನೆನಪಾಗುತ್ತೆ? ಬಣ್ಣದ ಗೊಂಬೆ, ಅಲ್ವಾ? ಆದರೆ ವೀಕ್ಷಕರೇ, ಮೈಸೂರು ದಸರಾಕ್ಕೆ ಆ ಊರಿನಿಂದ ಜಟ್ಟಿಗಳೂ ಹೋಗ್ತಾರೆ. ಮೈಸೂರು, ಬೆಂಗಳೂರು, ಚಾಮರಾಜನಗರದ ಜಟ್ಟಿಗಳಂತೆ ಅವರೂ ತಲೆ ಬೋಳಿಸಿಕೊಂಡು, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಸಾಮು, ಪಟ್ಟುಗಳನ್ನು ಬರೆದಿಟ್ಟ. 1520ರ ಸುಮಾರಿಗೆ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಪೇಸ್, ಮಲ್ಲರ ಹೊಡೆತಕ್ಕೆ ಹಲ್ಲು ಮುರಿಯುತ್ತಿತ್ತು ಅಂತ ದಾಖಲಿಸಿದ. 1610ರಲ್ಲಿ ರಾಜ ಒಡೆಯರ್ ಆ ಹಬ್ಬವನ್ನು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು.

ಈಗ ಪಟ್ಟಿನ ವಿಷಯಕ್ಕೆ ಬರೋಣ. ಜಟ್ಟಿಯ ಒಂದು ಕೈಯಲ್ಲಿ ಮೊನೆಗಳಿರುವ ವಜ್ರಮುಷ್ಟಿ, ಇನ್ನೊಂದು ಕೈ ಖಾಲಿ. ಪ್ರಾಣ ಉಳಿಸುವುದು ಆ ಖಾಲಿ ಕೈ! ಎದುರಾಳಿಯ ಮಣಿಕಟ್ಟನ್ನು ಅದು ಹಿಡಿಯಬೇಕು. ಮೈಗೆ ಮೈ ಅಂಟಿಸಿದರೆ ಅವನಿಗೆ ಕೈ ಬೀಸಲು ಜಾಗವೇ ಇರಲ್ಲ. ಅವನಿಗಿಂತ ಕೆಳಗೆ ಬಗ್ಗಿ ನಿಂತರೆ, ದಪ್ಪ ಆಳನ್ನೂ ಕೆಡವಬಹುದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸನ್ನೆಕೋಲು, ಗುರುತ್ವ ಕೇಂದ್ರ ಅಂತ ಸೂತ್ರ ಬರೆದು ಪಾಸಾದೆ. ಗರಡಿ ಮನೆಯ ಹುಡುಗ ಅದನ್ನು ಮಣ್ಣಿನಲ್ಲಿ ಬಿದ್ದು ಎದ್ದು ಕಲಿತಿರುತ್ತಾನೆ.

ಇತಿಹಾಸದ ಕಹಿಯನ್ನೂ ಹೇಳಬೇಕು. 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರನ್ನು ಜಟ್ಟಿಗಳ ಕೈಯಿಂದ ಕೊಲ್ಲಿಸಲಾಯಿತು ಅಂತ ಬ್ರಿಟಿಷರು ಬರೆದಿದ್ದಾರೆ. ಗೆದ್ದವರು ಬರೆದದ್ದು, ಎಚ್ಚರದಿಂದಲೇ ಓದೋಣ. ಆದರೂ ಒಂದು ಮಾತು ನಿಜ: ಕಾಪಾಡುವ ಪಟ್ಟೇ ಕತ್ತನ್ನೂ ಮುರಿಯಬಲ್ಲದು.

ಹಾಗಾದರೆ ಇವೆರಡರ ನಡುವಿನ ಗೆರೆ ಯಾವುದು? ವಜ್ರಮುಷ್ಟಿಯ ನಿಯಮ ನೋಡಿ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗಿಯಿತು. ಇನ್ನೊಂದು ಏಟು ಇಲ್ಲ. ಎಷ್ಟೇ ಸಿಟ್ಟಿದ್ದರೂ ಕೈ ಇಳಿಸಲೇಬೇಕು.

ರಾಮನಗರ, ಕನಕಪುರ, ಮಾಗಡಿ, ಯಾವ ಊರೇ ಇರಲಿ, ಮಗಳಿಗೆ ಆತ್ಮರಕ್ಷಣೆ ಕಲಿಸಬೇಕು ಅನ್ನುವ ಅಪ್ಪ ಅಮ್ಮಂದಿರು ಇವತ್ತು ಇದ್ದಾರೆ. ಖಂಡಿತ ಕಲಿಸಿ. ಹಿಡಿದ ಕೈ ಬಿಡಿಸಿಕೊಳ್ಳೋದು, ಬಿದ್ದರೆ ಏಳೋದು, ತಪ್ಪಿಸಿಕೊಂಡು ಓಡೋದು, ಎಲ್ಲವನ್ನೂ ಕಲಿಸಿ. ಮಗನಿಗೂ ಕಲಿಸಿ. ಆದರೆ ಅವನಿಗೆ ಮೊದಲ ಪಾಠ, ಕೈ ಇಳಿಸೋದು. ಪ್ರತಿ ರಾತ್ರಿ ಚರ್ಚೆಯಲ್ಲಿ ದನಿ ಏರಿಸುವ ನನಗೂ ಆ ಪಾಠ ಬೇಕು.