ಹಬ್ಬದ ರೊಟ್ಟಿ ಮತ್ತು ಬೆಣ್ಣೆಯ ಪತ್ರ



ಕ್ರಿಸ್ಮಸ್ ತಿಂಡಿತಿನಿಸುಗಳ ಮಾತು ಬಂದರೆ ನಾವೆಲ್ಲರೂ ರುಚಿಯ ಬಗ್ಗೆಯೇ ಮಾತನಾಡುತ್ತೇವೆ. ಆದರೆ ಯುರೋಪಿನ ಕ್ರೈಸ್ತರ ಹಬ್ಬದೂಟದ ಚರಿತ್ರೆಯನ್ನು ತೆರೆದು ನೋಡಿದರೆ ಅಲ್ಲಿ ಮೊದಲು ಕಾಣುವುದು ರುಚಿಯಲ್ಲ, ಉಪವಾಸ. ಈಗ ಜಗತ್ತಿನೆಲ್ಲೆಡೆ ಮಾರಾಟವಾಗುವ ಜರ್ಮನಿಯ ‘ಷ್ಟೊಲೆನ್’ ಎಂಬ ಕ್ರಿಸ್ಮಸ್ ರೊಟ್ಟಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಈ ರೊಟ್ಟಿಯ ಹಿಂದೆ ಒಬ್ಬ ಜಗದ್ಗುರುಗಳ ಪತ್ರವಿದೆ, ಒಂದಿಷ್ಟು ಹಣದ ವ್ಯವಹಾರವಿದೆ, ಧರ್ಮಸಭೆಗೆ ದುಬಾರಿಯಾದ ಒಂದು ಪಾಠವೂ ಇದೆ.

ಮೊದಲು ಉಪವಾಸದ ವಿಷಯ. ಸುಮಾರು 581ರಲ್ಲಿ ಇಂದಿನ ಫ್ರಾನ್ಸ್ ದೇಶದ ಮಾಕೋನ್ ಎಂಬಲ್ಲಿ ಧರ್ಮಾಧ್ಯಕ್ಷರು ಸಭೆ ಸೇರಿದರು. ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರದಲ್ಲಿ ಮೂರು ದಿನ, ಅಂದರೆ ಸೋಮವಾರ, ಬುಧವಾರ ಮತ್ತು ಶುಕ್ರವಾರ, ಉಪವಾಸ ಮಾಡಬೇಕೆಂದು ವಿಧಿಸಿದರು. ಜನ ಇದನ್ನು ‘ಸಂತ ಮಾರ್ಟಿನರ ತಪಸ್ಸುಕಾಲ’ ಎಂದೇ ಕರೆದರು. ನಮ್ಮ ಆಗಮನ ಕಾಲದ ಬೇರುಗಳಲ್ಲಿ ಇದೂ ಒಂದು. ಉಪವಾಸ ಹಿಡಿಯುವ ಮುಂಚೆ ಕೊನೆಯ ಬಾರಿ ಹೊಟ್ಟೆ ತುಂಬ ಉಣ್ಣುವ ದಿನ ಮಾರ್ಟಿನರ ಹಬ್ಬವಾಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಆ ದಿನ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಯನ್ನು ಹುರಿದು ಉಣ್ಣುವ ಪದ್ಧತಿ ಇಂದಿಗೂ ಇದೆ.

ಮಧ್ಯಯುಗದ ಉಪವಾಸ ನಮ್ಮ ಈಗಿನ ಉಪವಾಸದಂತಲ್ಲ. ಮಾಂಸ ಮಾತ್ರವಲ್ಲ, ಪ್ರಾಣಿಯಿಂದ ಬರುವ ಹಾಲು, ಬೆಣ್ಣೆ, ಗಿಣ್ಣು, ಮೊಟ್ಟೆ ಕೂಡ ಅನೇಕ ಕಡೆ ನಿಷಿದ್ಧ. ಮೀನು ಸಲ್ಲುತ್ತಿತ್ತು, ಎಣ್ಣೆ ಸಲ್ಲುತ್ತಿತ್ತು. ಇಲ್ಲೇ ಒಂದು ತೊಡಕು. ಈ ಪದ್ಧತಿ ಬೆಳೆದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ. ಅಲ್ಲಿ ಹಿತ್ತಲಿಗೊಂದು ಆಲಿವ್ ಮರ. ಬೆಣ್ಣೆ ಬಿಡಿ ಎಂದರೆ ಅಲ್ಲಿಯವರಿಗೆ ದೊಡ್ಡ ನಷ್ಟವೇನೂ ಇಲ್ಲ. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯವನ್ನೇ ನೋಡಿ. ಕ್ರಿಸ್ಮಸ್ ಹಿಂದಿನ ರಾತ್ರಿ, ನಡುರಾತ್ರಿಯ ಬಲಿಪೂಜೆಗೆ ಹೋಗುವ ಮುಂಚೆ ಅಲ್ಲಿ ಮಾಡುವ ದೊಡ್ಡ ಊಟದಲ್ಲಿ ಇವತ್ತಿಗೂ ಮಾಂಸವಿಲ್ಲ. ಉಪ್ಪು ಹಾಕಿ ಒಣಗಿಸಿದ ಮೀನು, ಸೊಪ್ಪು, ತರಕಾರಿ. ಪವಿತ್ರ ತ್ರಿತ್ವದ ಗುರುತಾಗಿ ಮೇಜಿನ ಮೇಲೆ ಮೂರು ಬಿಳಿ ಬಟ್ಟೆ, ಮೂರು ಮೇಣದ ಬತ್ತಿ. ಕೊನೆಗೆ ಬರುವ ಹದಿಮೂರು ಸಿಹಿತಿನಿಸುಗಳು ಪ್ರಭು ಯೇಸು ಮತ್ತು ಹನ್ನೆರಡು ಪ್ರೇಷಿತರ ಹೆಸರಿನಲ್ಲಿ. (ಹದಿಮೂರೆಂಬ ಲೆಕ್ಕ ಗಟ್ಟಿಯಾದದ್ದು 20ನೇ ಶತಮಾನದಲ್ಲಿ, ಭಕ್ತಿಗೆ ಎಣಿಕೆ ಹಿಡಿಯುವ ಅಭ್ಯಾಸ ನಮ್ಮಲ್ಲೂ ಇದೆಯಲ್ಲವೇ!) ಅವುಗಳ ಪೈಕಿ ಮುಖ್ಯವಾದದ್ದು ಆಲಿವ್ ಎಣ್ಣೆಯಲ್ಲೇ ನಾದಿದ ಸಿಹಿ ರೊಟ್ಟಿ. ಅದನ್ನು ಚಾಕುವಿನಿಂದ ಕತ್ತರಿಸಬಾರದು, ಕೈಯಿಂದಲೇ ಮುರಿಯಬೇಕು.

ಇದೇ ನಿಯಮ ಆಲ್ಪ್ಸ್ ಪರ್ವತ ದಾಟಿ ಉತ್ತರಕ್ಕೆ ಹೋದಾಗ ಕಥೆ ಬೇರೆಯಾಯಿತು. ಅಲ್ಲಿ ಆಲಿವ್ ಬೆಳೆಯುವುದಿಲ್ಲ. ದನಕರು, ಹಾಲು, ಬೆಣ್ಣೆಯೇ ಬಡವನ ಕೊಬ್ಬು. ದಕ್ಷಿಣದಿಂದ ಬರುವ ಎಣ್ಣೆ ದುಬಾರಿ. ಸ್ಥಳೀಯವಾಗಿ ಸಿಗುತ್ತಿದ್ದ ಎಣ್ಣೆಗೆ ವಾಸನೆ. ಒಂದೇ ಉಪವಾಸ ಇಟಲಿಯ ರೈತನಿಗೆ ಹಗುರ, ಜರ್ಮನಿಯ ರೈತನಿಗೆ ಭಾರ. ಸ್ಯಾಕ್ಸನಿಯ ಡ್ರೆಸ್ಡೆನ್ ನಗರದಲ್ಲಿ ಸಂತ ಬಾರ್ತೊಲೊಮೆಯರ ಹೆಸರಿನ ಆಸ್ಪತ್ರೆಯೊಂದರ 1474ರ ಲೆಕ್ಕಪತ್ರದಲ್ಲಿ ಷ್ಟೊಲೆನ್ ಹೆಸರು ಕಾಣುತ್ತದೆ. ಅದು ಹಬ್ಬದ ತಿಂಡಿಯಾಗಿರಲಿಲ್ಲ, ಉಪವಾಸದ ರೊಟ್ಟಿ: ಹಿಟ್ಟು, ಈಸ್ಟ್, ಎಣ್ಣೆ, ನೀರು. ಅಷ್ಟೇ. ಸಪ್ಪೆ ಎಂದರೆ ಸಪ್ಪೆ.

ಸ್ಯಾಕ್ಸನಿಯ ಅರಸು ಮನೆತನ ರೋಮಿಗೆ ಬಿನ್ನಹ ಕಳುಹಿಸಿತು. ನಮ್ಮ ನಾಡಿನಲ್ಲಿ ಎಣ್ಣೆ ಇಲ್ಲ, ಬೆಣ್ಣೆ ಬಳಸಲು ಅಪ್ಪಣೆ ಕೊಡಿ ಎಂದು. 1491ರಲ್ಲಿ ಜಗದ್ಗುರು ಎಂಟನೇ ಇನ್ನೊಸೆಂಟ್ ಅನುಮತಿ ಕೊಟ್ಟರು. ಚರಿತ್ರೆಯಲ್ಲಿ ಇದು ‘ಬೆಣ್ಣೆಯ ಪತ್ರ’ ಎಂದೇ ಪ್ರಸಿದ್ಧ. ನಮ್ಮ ಅಭಿಪ್ರಾಯದಲ್ಲಿ ಅನುಮತಿ ನ್ಯಾಯವಾದದ್ದೇ. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಕಲಿಸಿದವರು ಸ್ವತಃ ಪ್ರಭು. ಎಣ್ಣೆ ಬೆಳೆಯದ ನಾಡಿನವರಿಗೆ ಎಣ್ಣೆಯನ್ನೇ ತಿನ್ನಿ ಎನ್ನುವುದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ಈ ಅನುಮತಿಗೆ ಕಾಣಿಕೆಯ ಷರತ್ತು ಇತ್ತು. ಬೆಣ್ಣೆ ತಿನ್ನುವವರು ಫ್ರೈಬರ್ಗ್ ನಗರದ ದೊಡ್ಡ ದೇವಾಲಯದ ಕಟ್ಟಡಕ್ಕೆ ಹಣ ಕೊಡಬೇಕಿತ್ತು. 1484ರ ಬೆಂಕಿಯಲ್ಲಿ ಹಾಳಾದ ಆ ದೇವಾಲಯವನ್ನು ಆಗ ಮತ್ತೆ ಕಟ್ಟುತ್ತಿದ್ದರು.

ಇದು ಸ್ಯಾಕ್ಸನಿಯಲ್ಲಿ ಮಾತ್ರ ನಡೆದದ್ದಲ್ಲ. ಫ್ರಾನ್ಸಿನ ಉತ್ತರದ ರೂಆನ್ ನಗರದ ಪ್ರಧಾನಾಲಯಕ್ಕೆ ಹೋದವರು ಅದರ ಒಂದು ಗೋಪುರವನ್ನು ‘ಬೆಣ್ಣೆ ಗೋಪುರ’ ಎಂದು ಕರೆಯುವುದನ್ನು ಕೇಳುತ್ತಾರೆ. 15ನೇ ಶತಮಾನದ ಕೊನೆಯಲ್ಲಿ ಆರಂಭವಾಗಿ 16ನೇ ಶತಮಾನದ ಮೊದಲ ದಶಕದಲ್ಲಿ ಮುಗಿದ ಈ ಗೋಪುರಕ್ಕೆ, ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಜನ ಕೊಟ್ಟ ಕಾಣಿಕೆಯೇ ಬಂಡವಾಳವಾಯಿತೆಂಬುದು ಆ ಊರಿನವರ ಮಾತು. ಸೊಗಸಾದ ಗೋಪುರ, ನಿಜ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಉಪವಾಸ ದೇವರಿಗೆ ಬೇಕಾದದ್ದಾದರೆ ಹಣ ಕೊಟ್ಟವನಿಗೆ ಅದು ಬೇಡವಾಗುವುದು ಹೇಗೆ? ಬೇಡವಾದದ್ದಾದರೆ ಹಣವಿಲ್ಲದವನು ಅದನ್ನು ಹೊರಬೇಕೇಕೆ?

ಈ ಪ್ರಶ್ನೆಯನ್ನು ಕೇಳಿದವನು ಒಬ್ಬನಿದ್ದ. ಬೆಣ್ಣೆಯ ಪತ್ರ ಬಂದಾಗ ಮಾರ್ಟಿನ್ ಲೂಥರ್ ಏಳೆಂಟು ವರ್ಷದ ಬಾಲಕ. 1520ರಲ್ಲಿ ಜರ್ಮನಿಯ ಶ್ರೀಮಂತ ವರ್ಗದವರನ್ನು ಉದ್ದೇಶಿಸಿ ಬರೆದ ಹೊತ್ತಿಗೆಯಲ್ಲಿ ಆತ ಬೆಣ್ಣೆಯ ವಿಷಯವನ್ನೂ ಎತ್ತಿದ. ರೋಮಿನವರು ತಾವು ಪಾದರಕ್ಷೆಗೂ ಹಚ್ಚದಂಥ ಎಣ್ಣೆಯನ್ನು ನಮಗೆ ತಿನ್ನಿಸಿ, ಬೆಣ್ಣೆ ತಿನ್ನುವ ಸ್ವಾತಂತ್ರ್ಯವನ್ನು ಮಾರುತ್ತಾರೆಂಬುದು ಆತನ ದೂರು. ಸೆಮಿನರಿಯಲ್ಲಿ ಧರ್ಮಸಭೆಯ ಚರಿತ್ರೆ ಓದುವಾಗ ನಾವು ಪಾಪದಂಡ ವಿಮೋಚನೆಯ ಪತ್ರಗಳ ಬಗ್ಗೆ ಪುಟಗಟ್ಟಲೆ ಓದಿದೆವು. ಬೆಣ್ಣೆಯ ಬಗ್ಗೆ ಒಂದು ಸಾಲೂ ಓದಿದ ನೆನಪಿಲ್ಲ. ಆದರೆ ಸಾಮಾನ್ಯ ಗೃಹಿಣಿಗೆ ದೈವಶಾಸ್ತ್ರದ ವಾದಕ್ಕಿಂತ ತನ್ನ ಅಡುಗೆಮನೆಗೆ ಬಿದ್ದ ಈ ಸುಂಕವೇ ಹೆಚ್ಚು ಚುಚ್ಚಿರಬೇಕು. ಡ್ರೆಸ್ಡೆನ್ ಇದ್ದ ಸೀಮೆ 1539ರಲ್ಲಿ ಲೂಥರನ ಪಂಥಕ್ಕೆ ಸೇರಿತು. ಅದಕ್ಕೆ ರಾಜಕೀಯವೂ ಸೇರಿದಂತೆ ಕಾರಣಗಳು ಹತ್ತಾರು. ಬೆಣ್ಣೆಯೊಂದನ್ನೇ ಹೊಣೆ ಮಾಡಲಾಗದು. ಆದರೂ ಜನರ ನಂಬಿಕೆ ಸವೆದದ್ದು ಇಂಥ ಸಣ್ಣ ಸಣ್ಣ ಬಾಬತ್ತುಗಳಲ್ಲೇ.

ಅಲ್ಲಿಂದ ಮುಂದೆ ಷ್ಟೊಲೆನ್‌ಗೆ ಬೆಣ್ಣೆ, ಒಣದ್ರಾಕ್ಷಿ, ಬಾದಾಮಿ, ಸಕ್ಕರೆಯಲ್ಲಿ ಪಾಕ ಮಾಡಿದ ಕಿತ್ತಳೆ ಸಿಪ್ಪೆ ಎಲ್ಲವೂ ಸೇರಿದವು. ಮೇಲೆ ಬಿಳಿ ಸಕ್ಕರೆ ಪುಡಿ ಹೊದಿಸಿದ ಆ ರೊಟ್ಟಿಯಲ್ಲಿ ಬಟ್ಟೆ ಸುತ್ತಿದ ಬಾಲಯೇಸುವನ್ನು ಜನ ಕಂಡರು. 1730ರ ಬೇಸಿಗೆಯಲ್ಲಿ ಸ್ಯಾಕ್ಸನಿಯ ದೊರೆ ಅಗಸ್ಟಸ್ ತನ್ನ ಸೇನಾ ಶಿಬಿರದ ಅತಿಥಿಗಳಿಗಾಗಿ ಸುಮಾರು 1.8 ಟನ್ ತೂಕದ ಷ್ಟೊಲೆನ್ ಮಾಡಿಸಿದ. ಜೂನ್ ತಿಂಗಳಲ್ಲಿ! ಆಗಮನ ಕಾಲವೂ ಇಲ್ಲ, ಗೋದಲಿಯೂ ಇಲ್ಲ. ಪೋಲೆಂಡಿನ ಕಿರೀಟಕ್ಕಾಗಿ 1697ರಲ್ಲಿ ಕಥೋಲಿಕನಾದ ದೊರೆ ಆತ. ಉಪವಾಸದ ರೊಟ್ಟಿ ಆತನ ಕೈಯಲ್ಲಿ ವೈಭವದ ಪ್ರದರ್ಶನವಾಯಿತು. 1994ರಿಂದ ಡ್ರೆಸ್ಡೆನ್ ನಗರ ಅದರ ನೆನಪಿಗೆ ಆಗಮನ ಕಾಲದ ಎರಡನೇ ಭಾನುವಾರದ ಮುನ್ನಾದಿನ ದೈತ್ಯ ಷ್ಟೊಲೆನ್ ಒಂದನ್ನು ಮೆರವಣಿಗೆ ಮಾಡಿ ಹಂಚುತ್ತದೆ. ಡ್ರೆಸ್ಡೆನ್ ಹೆಸರಿನಲ್ಲಿ ಮಾರುವ ಷ್ಟೊಲೆನ್‌ಗೆ ಈಗ 100 ಕಿಲೋ ಹಿಟ್ಟಿಗೆ ಕನಿಷ್ಠ 50 ಕಿಲೋ ಬೆಣ್ಣೆ ಹಾಕಲೇಬೇಕೆಂಬ ನಿಯಮವಿದೆ. ಒಂದು ಕಾಲಕ್ಕೆ ಬೆಣ್ಣೆ ಹಾಕಬಾರದೆಂಬ ನಿಯಮ, ಈಗ ಹಾಕಲೇಬೇಕೆಂಬ ನಿಯಮ!

ಉಪವಾಸದ ಕಟ್ಟಳೆಗಳು ಕಾಲಕ್ರಮೇಣ ಎಲ್ಲೆಡೆ ಸಡಿಲವಾದವು. ಜಗದ್ಗುರು ಆರನೇ ಪೌಲರು 1966ರಲ್ಲಿ ಹೊರಡಿಸಿದ ಶಾಸನದಂತೆ ನಮಗೆ ಕಡ್ಡಾಯ ಉಪವಾಸದ ದಿನಗಳಾಗಿ ಉಳಿದವು ಎರಡೇ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಕ್ರಿಸ್ಮಸ್ ಹಿಂದಿನ ದಿನದ ಉಪವಾಸವೂ ಹೋಯಿತು. ಅನೇಕ ದೇಶಗಳಲ್ಲಿ ನಿಯಮದ ಜೊತೆಗೇ ನೆನಪೂ ಹೋಯಿತು.

ಪೋಲೆಂಡಿನಲ್ಲಿ ಹಾಗಾಗಲಿಲ್ಲ. ಡಿಸೆಂಬರ್ 24ರ ಸಂಜೆ ಅಲ್ಲಿಯ ಮನೆಗಳಲ್ಲಿ ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಊಟಕ್ಕೆ ಕೂರುವುದಿಲ್ಲ. ನಕ್ಷತ್ರ ಹುಡುಕುವುದು ಮಕ್ಕಳ ಕೆಲಸ. ಮೇಜಿನ ಬಟ್ಟೆಯ ಕೆಳಗೆ, ಗೋದಲಿಯ ನೆನಪಿಗೆ, ಒಂದು ಹಿಡಿ ಒಣಹುಲ್ಲು. ಪರಮಪ್ರಸಾದದ ರೊಟ್ಟಿಯಂತೆಯೇ ತೆಳ್ಳಗಿರುವ, ಆದರೆ ಅಭಿಷೇಕಿಸದ ಒಂದು ಬಿಲ್ಲೆಯನ್ನು ಒಬ್ಬರಿಂದೊಬ್ಬರು ಮುರಿದುಕೊಂಡು, ಹಾರೈಸಿ, ಕ್ಷಮೆ ಕೇಳಿ, ಆಮೇಲೆ ಊಟ. ಬೀಟ್‌ರೂಟ್ ಸಾರು, ಮೀನು, ಗಸಗಸೆಯ ತಿನಿಸು, ಹೀಗೆ ಹನ್ನೆರಡು ಬಗೆ. ಅನಿರೀಕ್ಷಿತವಾಗಿ ಬರಬಹುದಾದ ಅತಿಥಿಗೆ ಒಂದು ತಟ್ಟೆ ಖಾಲಿ ಇಟ್ಟಿರುತ್ತಾರೆ. ಆ ದಿನ ಮಾಂಸ ತಿನ್ನಬಾರದೆಂಬ ಕಡ್ಡಾಯವನ್ನು ಪೋಲೆಂಡಿನ ಧರ್ಮಾಧ್ಯಕ್ಷರು 2003ರಲ್ಲಿ ಕೈಬಿಟ್ಟರು. ಸಂಪ್ರದಾಯವನ್ನು ಉಳಿಸಿಕೊಳ್ಳಿ ಎಂದು ಕೇಳಿಕೊಂಡರು, ಅಷ್ಟೇ. ಇದಕ್ಕೆ ಯಾರೂ ಹಣ ಕಟ್ಟಬೇಕಾಗಲಿಲ್ಲ, ಯಾವ ಪತ್ರವನ್ನೂ ತರಿಸಬೇಕಾಗಲಿಲ್ಲ. ಈಗಲೂ ಆ ಸಂಜೆ ಹೆಚ್ಚಿನ ಪೋಲಿಷ್ ಮನೆಗಳ ಮೇಜಿನ ಮೇಲೆ ಇರುವುದು ಮೀನು, ಮಾಂಸ ಮರುದಿನಕ್ಕೆ.