ಮುಚ್ಚಿಟ್ಟ ಚಿನ್ನ: ಓಟೊ ಕ್ಯುಂಟ್ಸ್ಲಿ ಅವರ ಆಭರಣ ಮತ್ತು ಬೋಧನೆ

ಚಿನ್ನದ ಯಜಮಾನಿಕೆಯನ್ನು ಪ್ರಶ್ನಿಸಿದ ಯುರೋಪಿನ ಆಭರಣ ಕಲಾವಿದರಲ್ಲಿ ಹಲವರು ಆ ಲೋಹವನ್ನೇ ಬಿಟ್ಟುಕೊಟ್ಟರು. ನೆದರ್ಲೆಂಡ್ಸ್‌ನ ಗೈಸ್ ಬಾಕರ್ ಮತ್ತು ಎಮ್ಮಿ ವಾನ್ ಲೀರ್ಸುಮ್ 1960ರ ದಶಕದಲ್ಲಿ ಅಲ್ಯೂಮಿನಿಯಂನತ್ತ ತಿರುಗಿದ್ದು ಇದಕ್ಕೆ ಹೆಸರಾದ ನಿದರ್ಶನ. 1948ರಲ್ಲಿ ಜ್ಯೂರಿಚ್‌ನಲ್ಲಿ ಹುಟ್ಟಿದ ಓಟೊ ಕ್ಯುಂಟ್ಸ್ಲಿ ಚಿನ್ನವನ್ನು ಕೈಬಿಡದೆಯೇ ಅದನ್ನು ಪ್ರಶ್ನಿಸಿದರು. ಆಭರಣದ ಬೆಲೆ ತೊಟ್ಟವರ ಮತ್ತು ನೋಡುವವರ ನಡುವಿನ ನಂಬಿಕೆಯಲ್ಲಿ ಹುಟ್ಟುತ್ತದೆ ಎಂಬುದು ಅವರ ಮುಖ್ಯ ಕೃತಿಗಳ ತಿರುಳು. ಮ್ಯೂನಿಕ್ ಕಲಾ ಅಕಾಡೆಮಿಯಲ್ಲಿ ಅವರು ನಡೆಸಿದ ಬೋಧನೆಗೂ ಇದರಿಂದಲೇ ಅರ್ಥ ಬರುತ್ತದೆ ಎಂದು ಈ ಲೇಖನ ವಾದಿಸುತ್ತದೆ.

1980ರ ‘ಚಿನ್ನ ಕುರುಡಾಗಿಸುತ್ತದೆ’ ಎಂಬ ಕೃತಿ ಕಪ್ಪು ರಬ್ಬರಿನ ಒಂದು ಬಳೆ. ನುಣುಪಾದ ಕೊಳವೆಯ ಒಂದು ಕಡೆ ಮಾತ್ರ ಉಬ್ಬಿದೆ. ಆ ಉಬ್ಬಿನೊಳಗೆ ಚಿನ್ನದ ಗುಂಡಿದೆ. ಅದನ್ನು ಒರೆಗಲ್ಲಿಗೆ ಹಚ್ಚುವಂತಿಲ್ಲ. ರಬ್ಬರನ್ನು ಕೊಯ್ದರೆ ಚಿನ್ನವೇನೋ ಕೈಗೆ ಬರುತ್ತದೆ, ಬಳೆ ಉಳಿಯುವುದಿಲ್ಲ. ಹೀಗಾಗಿ ಇದನ್ನು ಕೊಳ್ಳುವವರು ಮಾಡಿದವರ ಮಾತನ್ನು ನಂಬಬೇಕು, ತೊಟ್ಟವರ ಮಾತನ್ನು ನೋಡುವವರು ನಂಬಬೇಕು. ಇದು ಬರೀ ಬುದ್ಧಿಚಮತ್ಕಾರ, ಗುಟ್ಟು ತಿಳಿದ ಮೇಲೆ ಇದರಲ್ಲಿ ಉಳಿಯುವುದೇನು ಎಂದು ಆಕ್ಷೇಪಿಸಬಹುದು. ಆದರೆ ಗುಟ್ಟು ಇಲ್ಲಿ ಶೀರ್ಷಿಕೆಯಲ್ಲೇ ಬಯಲಾಗಿದೆ. ಒಳಗಿರುವುದು ಚಿನ್ನವೆಂದು ಗೊತ್ತಿದ್ದೂ ಅದನ್ನು ಕಾಣಲಾಗದ ಸ್ಥಿತಿಯಲ್ಲೇ ಕೃತಿಯ ಬಲವಿದೆ, ಮತ್ತು ಆ ಸ್ಥಿತಿ ತೊಟ್ಟಷ್ಟು ಹೊತ್ತೂ ಮುಂದುವರಿಯುತ್ತದೆ.

1985–86ರ ‘ಸರ’ ಇನ್ನೂ ಕಠಿಣವಾದ ಕೃತಿ. ನನ್ನ ಅಂದಾಜಿನಲ್ಲಿ ಅವರ ಶ್ರೇಷ್ಠ ಕೃತಿಯೂ ಅದೇ. ಜನ ತೊಟ್ಟು ಬಿಟ್ಟ 48 ಮದುವೆಯ ಉಂಗುರಗಳನ್ನು ಕೊಂಡು, ಒಂದರೊಳಗೊಂದು ಕೊಂಡಿಯಾಗಿ ಸೇರಿಸಿದ ಸರವದು. ದೂರದಿಂದ ಅದು ಯಾವುದೇ ಅಂಗಡಿಯ ದಪ್ಪ ಚಿನ್ನದ ಸರದಂತೆಯೇ ಕಾಣುತ್ತದೆ. ಹತ್ತಿರ ಹೋದವರಿಗೆ ಉಂಗುರಗಳು ಗುರುತು ಸಿಗುತ್ತವೆ. ಅವು ವಿಧವೆಯದೋ ವಿಚ್ಛೇದನ ಪಡೆದವರದೋ ತಿಳಿಯದು. ಯಾರದೋ ದಾಂಪತ್ಯವನ್ನು ಸರಕು ಮಾಡಿದ್ದು ತಪ್ಪಲ್ಲವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹಾಗಿದ್ದರೂ ಹಳೆಯ ಉಂಗುರವನ್ನು ತೂಕಕ್ಕೆ ಕೊಂಡು ಕರಗಿಸುವ ವ್ಯಾಪಾರ ಯಾರ ನೆನಪನ್ನೂ ಉಳಿಸುವುದಿಲ್ಲ. ಕರಗಿಸದೆ ಕೊಂಡಿ ಹಾಕಿದ್ದರಿಂದಲೇ ಈ ಸರವನ್ನು ಕೊರಳಿಗೆ ಹಾಕಿಕೊಳ್ಳಲು ಮನಸ್ಸು ಹಿಂಜರಿಯುತ್ತದೆ. ಲೋಹದ ಬೆಲೆ ಪೂರ್ತಿ ಇದ್ದರೂ ಒಡವೆಯ ಆಕರ್ಷಣೆ ಕುಸಿಯುತ್ತದೆ. ನಂಬಿಕೆ ಮುರಿದಾಗ ಚಿನ್ನಕ್ಕೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಕ್ಯುಂಟ್ಸ್ಲಿ ಮ್ಯೂನಿಕ್‌ನಲ್ಲಿ ಹೆರ್ಮಾನ್ ಯುಂಗರ್ ಅವರ ಶಿಷ್ಯರಾಗಿದ್ದು, 1991ರಲ್ಲಿ ಗುರುವಿನ ಪೀಠಕ್ಕೇ ಬಂದು 2014ರವರೆಗೆ ಕಲಿಸಿದರು. ಇಷ್ಟು ಗಟ್ಟಿಯಾದ ನಿಲುವಿನ ಗುರು ತನ್ನ ಅಚ್ಚನ್ನೇ ಶಿಷ್ಯರ ಮೇಲೆ ಒತ್ತಿರಬೇಕು ಎಂಬ ಅನುಮಾನ ಸಹಜ. ಶಿಷ್ಯರ ಕೆಲಸ ಅದನ್ನು ಸಮರ್ಥಿಸುವುದಿಲ್ಲ. ಕಾರ್ಲ್ ಫ್ರಿಟ್ಷ್ ಅವರ ಉಂಗುರಗಳಲ್ಲಿ ಬೆರಳೊತ್ತಿದ ಗುರುತುಗಳು ಲೋಹದಲ್ಲಿ ಹಾಗೇ ಉಳಿದಿರುತ್ತವೆ, ಹರಳುಗಳು ರಾಶಿ ಬಿದ್ದಿರುತ್ತವೆ. ನ್ಯೂಜಿಲೆಂಡಿನ ಲಿಸಾ ವಾಕರ್ ಬಿಸಾಡಿದ ವಸ್ತುಗಳನ್ನು ಅಂಟಿನಿಂದ ಜೋಡಿಸುತ್ತಾರೆ. ಡೇವಿಡ್ ಬೀಲಾಂಡರ್ ಬೆಳ್ಳಿಗೆ ರಟ್ಟಿನ ಬಣ್ಣ, ಮಡಿಕೆ ಕೊಟ್ಟು ಬಳೆ ಮಾಡಿ, ಬಿಳಿ ಚಿನ್ನದ ಸ್ಟೇಪಲ್ ಪಿನ್ನುಗಳಿಂದ ಕೂಡಿಸುತ್ತಾರೆ. ಈ ಮೂವರ ಕೈಬರಹ ಒಂದಕ್ಕೊಂದು ತಾಳೆಯಾಗದು, ಗುರುವಿನ ನಯವಾದ ಮಿತಭಾಷಿ ರೂಪಗಳಿಗಂತೂ ಇನ್ನೂ ದೂರ. ಆದರೆ ಮೂವರಲ್ಲೂ ವಸ್ತುವಿನ ಬೆಲೆ ಮೊದಲೇ ತೀರ್ಮಾನವಾಗಿ ಬಂದಿಲ್ಲ. ತೊಟ್ಟವರೂ ನೋಡುವವರೂ ಅದನ್ನು ಪ್ರತಿ ಬಾರಿ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.